ಜ್ವರದ ಕಾಲದಲ್ಲಿ ಪ್ರಶ್ನಾವಳಿ ಏಕೆ?

ಪ್ರಶ್ನೆ: ನಮ್ಮ ಸುತ್ತಮುತ್ತ ಮಂಗನ ಕಾಯಿಲೆ ಕಾಣಿಸಿಕೊಂಡ ಹೊತ್ತಿನಲ್ಲಿ ಆಶಾ ಕಾರ್ಯಕರ್ತೆಯ ಜೊತೆ ಇಬ್ಬರು ವಿದ್ಯಾರ್ಥಿಗಳು ಮನೆಗೆ ಬಂದು, ರೋಗ ಹೇಗೆ ಬರುತ್ತದೆ, ತೈಲ ಹಚ್ಚಿಕೊಳ್ಳುತ್ತೀರಾ, ಗುಣವಾದವರನ್ನು ಕೂಲಿಗೆ ಕರೆಯುತ್ತೀರಾ ಎಂದು ಅರ್ಧ ಗಂಟೆ ಕೇಳಿ ಬರೆದುಕೊಂಡು ಹೋದರು. ಜನ ಜ್ವರದಿಂದ ಮಲಗಿರುವಾಗ ಈ ಪರೀಕ್ಷೆ ಬೇಕಿತ್ತೆ? ಇಡೀ ತಾಲ್ಲೂಕಿಗೆ ಇನ್ನೂರು ಮನೆ ಕೇಳಿದರೆ ಏನು ತಿಳಿದೀತು?
– ಓದುಗರೊಬ್ಬರು, ಸಾಗರ ತಾಲ್ಲೂಕು

ಉತ್ತರ: ಅಡಿಕೆ ಕೊಯ್ಲಿನ ದಿನಗಳಲ್ಲಿ ಅರ್ಧ ಗಂಟೆ ಕೂರಿಸಿಕೊಂಡದ್ದು ಹೆಚ್ಚಾಯಿತು, ಅಷ್ಟರ ಮಟ್ಟಿಗೆ ನಿಮ್ಮ ಬೇಸರ ನ್ಯಾಯವಾದದ್ದೇ. ಆದರೆ ಕೇಳಿದ್ದು ತಪ್ಪಲ್ಲ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನ ಆಸುಪಾಸಿನಲ್ಲಿ ಮೊದಲು ಗುರುತಿಸಲಾದ ಈ ಕಾಯಿಲೆಗೆ ವೈರಾಣುವನ್ನೇ ಮಣಿಸುವ ನಿರ್ದಿಷ್ಟ ಔಷಧವಿಲ್ಲ. ಹೀಗಾಗಿ ಕಾಡಿಗೆ ಹೋಗುವ ಮುನ್ನ ಉಣುಗು (ರಕ್ತ ಹೀರುವ ಸಣ್ಣ ಜೀವಿ) ಮೈಗೆ ಹತ್ತದಂತೆ ಡೆಪಾ ತೈಲ ಹಚ್ಚಿಕೊಳ್ಳುವುದು, ಮರಳಿದ ಮೇಲೆ ಬಿಸಿನೀರಿನ ಸ್ನಾನ ಮಾಡಿ ಬಟ್ಟೆ ಒಗೆಯುವುದು, ಸತ್ತ ಮಂಗ ಕಂಡರೆ ಹತ್ತಿರ ಸುಳಿಯದೆ ಆರೋಗ್ಯ ಸಿಬ್ಬಂದಿಗೆ ತಿಳಿಸುವುದು, ಜ್ವರ ಬಂದೊಡನೆ ಆಸ್ಪತ್ರೆಗೆ ಹೋಗುವುದು ಇವುಗಳ ಮೇಲೆಯೇ ಹತೋಟಿ ನಿಂತಿದೆ. ಇವುಗಳಲ್ಲಿ ಯಾವುದು ನಡೆಯುತ್ತಿದೆ, ಯಾವುದು ಕರಪತ್ರದಲ್ಲಿಯೇ ಉಳಿದಿದೆ ಎಂಬುದನ್ನು ಮನೆಯವರನ್ನು ಕೇಳದೆ ತಿಳಿಯಲಾಗದು.

ಇಂಥ ಸಮೀಕ್ಷೆ ಮೂರು ಸಂಗತಿಗಳನ್ನು ಅಳೆಯುತ್ತದೆ: ತಿಳಿವಳಿಕೆ, ಮನೋಭಾವ, ನಡವಳಿಕೆ. ಮೊದಲನೆಯದರಲ್ಲಿಯೇ ಎಡವುವವರು ಬಹಳ. ಹೆಸರನ್ನೇ ನೋಡಿ: ಮಂಗನ ಕಾಯಿಲೆ ಎಂದೊಡನೆ ಮಂಗ ಕಚ್ಚಿ ಬರುವ ರೋಗವೆಂದು ಕೆಲವರು ಭಾವಿಸಿದರೆ, ಬಯಲುಸೀಮೆಯವರಿಗೆ ಕೆನ್ನೆ ಊದುವ ಮಂಗನಬಾವು ನೆನಪಾಗಬಹುದು, ಈಚಿನ ವರ್ಷಗಳಲ್ಲಿ ಮಂಕಿಪಾಕ್ಸ್ ಕೂಡ. ಮಂಗವೂ ಈ ರೋಗಕ್ಕೆ ಬಲಿಯಾಗುವ ಪ್ರಾಣಿ; ಮನುಷ್ಯನಿಗೆ ವೈರಾಣುವನ್ನು ದಾಟಿಸುವುದು ಮುಖ್ಯವಾಗಿ ಉಣುಗು. ಕಾಗದದಲ್ಲಿ ‘ಉಣ್ಣೆ’ ಎಂದು ಅಚ್ಚಾಗಿದ್ದು ಊರಿನಲ್ಲಿ ‘ಉಣುಗು’ ಎನ್ನುವುದಾದರೆ, ದನದ ಮೈಯಿಂದ ದಿನವೂ ಅದನ್ನು ಕೀಳುವ ಹೆಂಗಸು ಕೂಡ ‘ಗೊತ್ತಿಲ್ಲ’ ಎಂದಾಳು.

ತಿಳಿದವರೆಲ್ಲ ಅದರಂತೆ ನಡೆಯುತ್ತಾರೆ ಎಂಬ ನಂಬಿಕೆ ಇನ್ನೂ ದೊಡ್ಡ ತಪ್ಪು. ಈ ಕಾಯಿಲೆಗೆ ಹಿಂದೆ ಕೊಡುತ್ತಿದ್ದ ಲಸಿಕೆಯನ್ನೇ ನೋಡೋಣ. ತಿಂಗಳ ಅಂತರದಲ್ಲಿ ಎರಡು ಡೋಸು, ಆರರಿಂದ ಒಂಬತ್ತು ತಿಂಗಳಲ್ಲಿ ಬೂಸ್ಟರು, ಅನಂತರ ವರ್ಷಕ್ಕೊಂದು. 2005ರಿಂದ 2010ರವರೆಗಿನ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನದ ಪ್ರಕಾರ ಎರಡು ಡೋಸಿನ ರಕ್ಷಣೆ ಶೇ 62ರಷ್ಟಿದ್ದರೆ, ಬೂಸ್ಟರ್ ಸೇರಿದಾಗ ಶೇ 83ರಷ್ಟಾಗುತ್ತಿತ್ತು. ಆದರೂ ಚುಚ್ಚಿದ ಜಾಗದ ನೋವಿಗೆ ಹೆದರಿ ಎಷ್ಟೋ ಜನ ಮುಂದಿನ ಡೋಸಿಗೆ ಬರಲಿಲ್ಲ. ‘ಲಸಿಕೆ ಒಳ್ಳೆಯದೇ?’ ಎಂದು ಇವರನ್ನು ಕೇಳಿದ್ದರೆ ಹೌದೆಂದೇ ಹೇಳುತ್ತಿದ್ದರೇನೋ; ಕೇಳಬೇಕಾದದ್ದು ‘ಎರಡನೆಯ ಸಲ ಏಕೆ ಬರಲಿಲ್ಲ?’ ಎಂದು.

2014ರಲ್ಲಿ ಪಶ್ಚಿಮ ಆಫ್ರಿಕಾದ ಸಿಯೆರಾ ಲಿಯೋನ್‌ನಲ್ಲಿ ಎಬೋಲಾ ಹಬ್ಬಿದಾಗಲೂ ಇದೇ ಕಂಡಿತು. ಆಗಸ್ಟ್‌ನ ಸಮೀಕ್ಷೆಯಲ್ಲಿ ಹೆಚ್ಚುಕಡಿಮೆ ಎಲ್ಲರೂ ರೋಗದ ಹೆಸರು ಕೇಳಿದ್ದರು. ಆದರೆ ಅವರಲ್ಲಿ ಸುಮಾರು ಮೂರನೆಯ ಒಂದು ಪಾಲು ಜನ ಅದು ಗಾಳಿಯಿಂದ ಅಥವಾ ಸೊಳ್ಳೆಯಿಂದ ಬರುತ್ತದೆಂದೂ, ಐವರಲ್ಲಿ ಇಬ್ಬರು ಉಪ್ಪು ಬೆರೆಸಿದ ಬಿಸಿನೀರಿನ ಸ್ನಾನ ತಮ್ಮನ್ನು ಕಾಯುತ್ತದೆಂದೂ ನಂಬಿದ್ದರು. ‘ಎಬೋಲಾ ಇದೆ’ ಎಂದಷ್ಟೇ ಸಾರುವುದು ಸಾಲದೆಂದು ಗೊತ್ತಾದದ್ದು ಇಂಥ ಉತ್ತರಗಳಿಂದಲೇ.

ಇನ್ನೂರು ಮನೆಯ ಮಾತು. ಅನ್ನ ಬೆಂದಿದೆಯೇ ಎಂದು ನೋಡಲು ಒಂದಗುಳು ಸಾಕು, ನಿಜ. ಆದರೆ ಪಾತ್ರೆಯನ್ನು ಚೆನ್ನಾಗಿ ಕಲಕಿರಬೇಕು. ಚೀಟಿ ಎತ್ತಿದಂತೆ ಆರಿಸಿದ ಇನ್ನೂರು ಮನೆಗಳ ಉತ್ತರ ಸಾಮಾನ್ಯವಾಗಿ ಇಡೀ ತಾಲ್ಲೂಕಿನ ನಿಜಸ್ಥಿತಿಗಿಂತ ಶೇ 7ರಷ್ಟು ಆಚೀಚೆ ಇರುತ್ತದೆ, ನಾನೂರಾದರೆ ಶೇ 5. ಮಕ್ಕಳ ಲಸಿಕೆಯ ಸಮೀಕ್ಷೆಗೆ ವಿಶ್ವ ಆರೋಗ್ಯ ಸಂಸ್ಥೆ ರೂಢಿಗೆ ತಂದ ಕ್ರಮದಲ್ಲಿಯೂ 30 ಗುಂಪುಗಳಿಂದ ತಲಾ 7 ಮಕ್ಕಳಂತೆ 210 ಮಕ್ಕಳೇ ಇದ್ದದ್ದು. ಹಾಗಾಗಿ ಎಷ್ಟು ಮನೆ ಎನ್ನುವುದಕ್ಕಿಂತ ಯಾವ ಮನೆ, ಯಾವ ಹೊತ್ತು ಎನ್ನುವುದು ಮುಖ್ಯ. ಬೆಳಿಗ್ಗೆ ಹನ್ನೊಂದಕ್ಕೆ ಟಾರು ರಸ್ತೆಯ ಪಕ್ಕದ ಮನೆಗಳ ಬಾಗಿಲು ತಟ್ಟಿದರೆ ಸಿಗುವವರು ಕಾಡಿಗೆ ಹೋಗದವರು. ದರಕು (ಕಾಡಿನ ಒಣ ಎಲೆ) ಗುಡಿಸಿ ತರಲು, ಸೌದೆ ತರಲು ಹೋದವರು ಲೆಕ್ಕಕ್ಕೇ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ನನಗೆ ಹೆಚ್ಚು ಅನುಮಾನ ಹುಟ್ಟಿಸಿದ್ದು ಆಶಾ ಕಾರ್ಯಕರ್ತೆ ಜೊತೆಗಿದ್ದರು ಎಂಬ ಸಂಗತಿ. ತೈಲ ಹಂಚಿದವರ ಎದುರಿಗೇ ‘ಹಚ್ಚಿಕೊಳ್ಳುವುದಿಲ್ಲ’ ಎನ್ನಲು ಯಾರಿಗೆ ಮನಸ್ಸು ಬಂದೀತು? ದಾರಿ ತೋರಿಸಿ ಅವರು ಅಂಗಳದಲ್ಲಿ ನಿಲ್ಲಬಹುದಿತ್ತು, ‘ಬಾಟಲಿ ತೋರಿಸುತ್ತೀರಾ?’ ಎಂದು ವಿದ್ಯಾರ್ಥಿಗಳು ಕೇಳಬಹುದಿತ್ತು. ಕೂಲಿಯ ಪ್ರಶ್ನೆಯೂ ಅಷ್ಟೆ. ಈ ಕಾಯಿಲೆ ಮನುಷ್ಯರಿಂದ ಮನುಷ್ಯರಿಗೆ ಹರಡದಿದ್ದರೂ ಗುಣವಾದವರನ್ನು ದೂರವಿಡುವ ಭಯ ಹುಟ್ಟಬಹುದು, ಅದನ್ನು ಅಳೆಯಲು ಹೊರಟದ್ದು ಸರಿಯೇ. ಆದರೆ ‘ನೀವು ಕರೆಯುತ್ತೀರಾ’ ಎನ್ನುವುದಕ್ಕಿಂತ ‘ನಿಮ್ಮೂರಿನಲ್ಲಿ ಕರೆಯುತ್ತಾರೆಯೇ’ ಎಂದಿದ್ದರೆ ನಿಜ ಹೊರಬರುವ ಸಂಭವ ಹೆಚ್ಚು.

ಪ್ರಶ್ನೆ: ಉತ್ತರ ಗೊತ್ತಿಲ್ಲದಿದ್ದರೆ ಪಕ್ಕದವರನ್ನು ಕೇಳಿ ಹೇಳಬಹುದೆ? ಉತ್ತರಿಸದಿದ್ದರೆ ತೈಲ ನಿಲ್ಲಿಸುತ್ತಾರೆಯೆ?
– ಮತ್ತೊಬ್ಬ ಓದುಗರು, ಅದೇ ತಾಲ್ಲೂಕು

ಉತ್ತರ: ಕೇಳಬೇಡಿ, ‘ಗೊತ್ತಿಲ್ಲ’ ಎಂಬ ನಿಮ್ಮ ಉತ್ತರವೇ ಅವರಿಗೆ ಬೇಕಾದದ್ದು. ನಿಮ್ಮ ಒಪ್ಪಿಗೆಯಿಲ್ಲದೆ ಕೇಳುವಂತಿಲ್ಲ, ನಡುವೆ ಸಾಕೆನಿಸಿದರೆ ನಿಲ್ಲಿಸಬಹುದು, ಅದಕ್ಕಾಗಿ ತೈಲವನ್ನಾಗಲಿ ಚಿಕಿತ್ಸೆಯನ್ನಾಗಲಿ ತಡೆಯುವಂತಿಲ್ಲ. ಎಲ್ಲ ಪ್ರಶ್ನೆ ಮುಗಿದ ಮೇಲೆ ಸರಿಯುತ್ತರಗಳನ್ನು ಹೇಳಿ ಹೋಗುವಂತೆ ಕೇಳಿರಿ. ಅಷ್ಟನ್ನು ಅವರು ನಿಮಗೆ ಕೊಡಲೇಬೇಕು.