ಅಂಕ ಕಡಿತ ಬೇಕು, ತಡ ಬೇಡ

ಇಂಗ್ಲೆಂಡಿನ ಫುಟ್‌ಬಾಲ್ ಕ್ಲಬ್ ಎವರ್ಟನ್‌ನ ಅಭಿಮಾನಿಯಾದ ಓದುಗರೊಬ್ಬರು ಬರೆದಿದ್ದಾರೆ: "ಖರ್ಚು ಮಾಡಿದವರು ಮಾಲೀಕರು, ಲೆಕ್ಕ ಬರೆದವರು ಅಧಿಕಾರಿಗಳು. ಅಂಕ ಕಿತ್ತುಕೊಂಡಾಗ ಪೆಟ್ಟು ಬಿದ್ದದ್ದು ಮಾತ್ರ ಆಡಿದವರಿಗೆ ಮತ್ತು ನಮಗೆ. ದಂಡ ಹಾಕಲಿ, ಅಂಕ ಮುಟ್ಟಬಾರದು. ನಮ್ಮನ್ನು ಇಷ್ಟು ಬೇಗ ಶಿಕ್ಷಿಸಿದವರು ಮ್ಯಾಂಚೆಸ್ಟರ್ ಸಿಟಿಯ ಪ್ರಕರಣವನ್ನು ಎಷ್ಟು ಎಳೆದರು! ಹೀಗಿರುವಾಗ ನೀವು ಅಂಕ ಕಡಿತವನ್ನು ಸಮರ್ಥಿಸಿ ಬರೆದದ್ದು ನೋವು ತಂದಿತು."

ಸಂಪಾದಕರ ಉತ್ತರ:

ನಿಮ್ಮ ನೋವು ನನಗೆ ಅರ್ಥವಾಗುತ್ತದೆ. ನಷ್ಟದ ಮಿತಿ ಮೀರಿದ್ದಕ್ಕೆ 2023ರ ನವೆಂಬರ್ 17ರಂದು ಎವರ್ಟನ್‌ನ 10 ಅಂಕ ಕಳೆದರು. 2010ರಲ್ಲಿ ದಿವಾಳಿಯ ಅಂಚಿಗೆ ಬಂದಿದ್ದ ಪೋರ್ಟ್ಸ್‌ಮತ್‌ಗೂ ಇಂಗ್ಲೆಂಡಿನ ಅಗ್ರ ಲೀಗ್ ಆದ ಪ್ರೀಮಿಯರ್ ಲೀಗ್ ಕಳೆದಿದ್ದು 9 ಅಂಕ. ಎವರ್ಟನ್ ತೀರ್ಪು ಬಂದು ಒಂಬತ್ತು ದಿನ ಬಿಟ್ಟು ಕ್ಲಬ್ಬಿನ ಆಗಿನ ಮೈದಾನ ಗುಡಿಸನ್ ಪಾರ್ಕ್‌ನಲ್ಲಿ ಸಾವಿರಾರು ಜನ ಗುಲಾಬಿ ಬಣ್ಣದ ಪ್ರತಿಭಟನಾ ಫಲಕ ಎತ್ತಿ ಹಿಡಿದರು. ಅವರಲ್ಲಿ ಯಾರೂ ಒಂದು ಪೌಂಡ್ ಲೆಕ್ಕವನ್ನೂ ತಪ್ಪಿಸಿದವರಲ್ಲ.

ಆದರೂ ದಂಡ ಸಾಕು ಎಂಬ ಮಾತನ್ನು ಒಪ್ಪಲಾರೆ. ಆಗಿನ ನಿಯಮದಂತೆ ಮೂರು ಸೀಸನ್ ಸೇರಿ ಒಂದು ಕ್ಲಬ್ ಮಾಡಬಹುದಾಗಿದ್ದ ಗರಿಷ್ಠ ನಷ್ಟ 10.5 ಕೋಟಿ ಪೌಂಡ್. ಎವರ್ಟನ್ ನಷ್ಟ 12.45 ಕೋಟಿ ಎಂದು ಪ್ರಕರಣ ವಿಚಾರಿಸಿದ ಸ್ವತಂತ್ರ ಆಯೋಗ ಕಂಡುಕೊಂಡಿತು. ಮಿತಿ ಮೀರಿದ್ದನ್ನು ಕ್ಲಬ್ ಕೂಡ ಒಪ್ಪಿತ್ತು, ತಕರಾರು ಇದ್ದದ್ದು ಎಷ್ಟು ಮೀರಿತು ಎಂಬುದರಲ್ಲಿ. ಶ್ರೀಮಂತ ಮಾಲೀಕನಿರುವ ಕ್ಲಬ್‌ಗೆ ಹಣದ ದಂಡ ಶಿಕ್ಷೆಯೇ ಆಗುವುದಿಲ್ಲ ಎಂದು ಆಯೋಗ ಹೇಳಿತು. ನನ್ನ ಮಟ್ಟಿಗೆ ಅದು ಸರಿಯಾದ ಮಾತು. ದುಡ್ಡು ಕಟ್ಟಿದರೆ ಮುಗಿಯಿತು ಎಂದಾದರೆ ನಿಯಮಕ್ಕೆ ಒಂದು ಬೆಲೆಚೀಟಿ ಅಂಟಿಸಿದಂತೆ. ಕೈ ಸಡಿಲವಿರುವ ಮಾಲೀಕ ಅದನ್ನೂ ಬಜೆಟ್‌ನಲ್ಲಿ ಸೇರಿಸಿಕೊಳ್ಳುತ್ತಾನೆ.

ಬರ್ನ್ಲಿ ಎಂಬ ಇನ್ನೊಂದು ಊರಿನ ಜನರನ್ನೂ ನೀವು ನೆನೆಯಬೇಕು. 2022ರ ಮೇ 19ರ ರಾತ್ರಿ ನಿಮಗೆ ಚೆನ್ನಾಗಿ ನೆನಪಿರುತ್ತದೆ. ಕ್ರಿಸ್ಟಲ್ ಪ್ಯಾಲೆಸ್ ಎದುರು 0-2 ಹಿಂದಿದ್ದು, ಕ್ಯಾಲ್ವರ್ಟ್-ಲೂಯಿನ್ ತಲೆಯಿಂದ ಹೊಡೆದ ಗೋಲಿನಿಂದ 3-2 ಗೆದ್ದು ಎವರ್ಟನ್ ಲೀಗ್‌ನಲ್ಲಿ ಉಳಿಯಿತು. ಜನ ಮೈದಾನಕ್ಕೇ ನುಗ್ಗಿದರು. ಮೂರು ದಿನದ ನಂತರ ಬರ್ನ್ಲಿ ತನ್ನ ಮನೆಯಂಗಳದಲ್ಲೇ ನ್ಯೂಕಾಸಲ್‌ಗೆ ಸೋತು ಕೆಳಗಿನ ಲೀಗ್‌ಗೆ ಇಳಿಯಿತು. ಆ ವರ್ಷ ಎವರ್ಟನ್‌ಗೆ 39 ಅಂಕ, ಬರ್ನ್ಲಿಗೆ 35. ಎವರ್ಟನ್ ಮಿತಿ ಮೀರಿದ್ದು ಅದೇ ಸೀಸನ್ನಿಗೆ ಮುಗಿದ ಲೆಕ್ಕದಲ್ಲಿ. ಮೇಲ್ಮನವಿಯ ನಂತರ 10 ಅಂಕ 6ಕ್ಕೆ ಇಳಿಯಿತಲ್ಲ, ಆ ಆರನ್ನೇ ಆ ಸೀಸನ್ನಿನಲ್ಲಿ ಕಳೆದಿದ್ದರೆ ಎವರ್ಟನ್‌ಗೆ ಉಳಿಯುತ್ತಿದ್ದದ್ದು 33. ಇಳಿಯಬೇಕಾದವರು ನೀವಾಗುತ್ತಿದ್ದಿರಿ. ಬರ್ನ್ಲಿಯ ಅಭಿಮಾನಿಯೂ ಟಿಕೆಟ್ ಕೊಂಡವನೇ, ಅವನೂ ಯಾವ ಲೆಕ್ಕವನ್ನೂ ಬರೆದವನಲ್ಲ. ಅವನ ಪತ್ರ ನನಗೆ ಬಂದಿಲ್ಲ, ಆದರೆ ಈ ಉತ್ತರ ಬರೆಯುವಾಗ ಅವನೂ ಎದುರಿಗೆ ಕೂತಂತೆ ಅನಿಸಿತು.

ಹಾಗಾಗಿ ನನ್ನ ಸಿಟ್ಟು ಅಂಕ ಕಡಿತದ ಮೇಲಲ್ಲ, ಅದು ಬರುವ ಹೊತ್ತಿನ ಮೇಲೆ. ತಪ್ಪು ಒಂದು ಸೀಸನ್ನಿನದು, ಶಿಕ್ಷೆ ಮತ್ತೊಂದರದು. ನಡುವೆ ಅನ್ಯಾಯವಾದ ತಂಡಕ್ಕೆ ಏನೂ ದಕ್ಕುವುದಿಲ್ಲ, ಶಿಕ್ಷೆ ಅನುಭವಿಸುವ ತಂಡದಲ್ಲಿ ಆಟಗಾರರೂ ತರಬೇತುದಾರರೂ ಬದಲಾಗಿರುತ್ತಾರೆ. 2023ರ ಆಗಸ್ಟ್‌ನಲ್ಲಿ ಲೀಗ್ ಇದನ್ನು ಚುರುಕುಗೊಳಿಸಿತು: ಡಿಸೆಂಬರ್ ಅಂತ್ಯದೊಳಗೆ ಲೆಕ್ಕ, ಜನವರಿಯಲ್ಲಿ ಆರೋಪ, ಸೀಸನ್ ಮುಗಿಯುವುದರೊಳಗೆ ತೀರ್ಪು. ನಾಟಿಂಗ್ಹ್ಯಾಮ್ ಫಾರೆಸ್ಟ್‌ನ 4 ಅಂಕವೂ, ಎವರ್ಟನ್‌ನ ಎರಡನೇ ಕಂತಿನ 2 ಅಂಕವೂ ಹೋದದ್ದು ಈ ದಾರಿಯಲ್ಲೇ. ಆದರೂ ಲೆಕ್ಕದ ವರ್ಷ ಮುಗಿಯುವುದೇ ಲೀಗ್ ಮುಗಿದ ಮೇಲೆ. ಎಷ್ಟು ಓಡಿದರೂ ಶಿಕ್ಷೆ ಒಂದು ವರ್ಷ ಹಿಂದೆಯೇ ಉಳಿಯುತ್ತದೆ.

ಸ್ಪೇನ್‌ನ ಲಾ ಲಿಗಾದಲ್ಲಿ ಬಾಗಿಲಲ್ಲೇ ತಡೆಯುತ್ತಾರೆ. ಆಟಗಾರರ ಮೇಲೆ ಒಂದು ಕ್ಲಬ್ ಎಷ್ಟು ಖರ್ಚು ಮಾಡಬಹುದು ಎಂಬುದನ್ನು ಮೊದಲೇ ಗೊತ್ತುಪಡಿಸುತ್ತಾರೆ, ಅದನ್ನು ಮೀರಿದರೆ ಆಟಗಾರನ ನೋಂದಣಿಯೇ ಇಲ್ಲ. 2021ರ ಆಗಸ್ಟ್‌ನಲ್ಲಿ ಮೆಸ್ಸಿಯನ್ನು ಬಾರ್ಸಿಲೋನಾ ಉಳಿಸಿಕೊಳ್ಳಲಾಗದೆ ಹೋದದ್ದು ಹೀಗೆ. ಅಭಿಮಾನಿಗಳು ಅತ್ತರು. ಆದರೆ ಗೆದ್ದ ಪಂದ್ಯದ ಅಂಕ ಯಾರ ಕೈಯಿಂದಲೂ ಜಾರಲಿಲ್ಲ, ಅನ್ಯಾಯವಾಗಿ ಯಾವ ತಂಡವೂ ಇಳಿಯಲಿಲ್ಲ. ಆ ಪದ್ಧತಿಯಲ್ಲೂ ತಕರಾರುಗಳಿವೆ, ಆದರೂ ಆಯ್ದುಕೊಳ್ಳಿ ಎಂದರೆ ನಾನು ಅದನ್ನೇ ಆಯ್ದುಕೊಳ್ಳುತ್ತೇನೆ.

ಸಿಟಿಯ ವಿಷಯದಲ್ಲಿ ನಿಮ್ಮ ಸಿಟ್ಟಿಗೆ ಕಾರಣವಿದೆ. 2023ರ ಫೆಬ್ರುವರಿಯಲ್ಲಿ ಹಣಕಾಸು ನಿಯಮಗಳ ಸಂಬಂಧ ಅದರ ಮೇಲೆ ನೂರಕ್ಕೂ ಹೆಚ್ಚು ಆರೋಪ ಹೊರಿಸಲಾಯಿತು, ವಿಚಾರಣೆ ಆರಂಭವಾದದ್ದು 2024ರ ಸೆಪ್ಟೆಂಬರ್‌ನಲ್ಲಿ. ಎವರ್ಟನ್‌ಗೆ ಆರೋಪದಿಂದ ತೀರ್ಪಿನವರೆಗೆ ಹಿಡಿದದ್ದು ಎಂಟು ತಿಂಗಳು. ಆದರೆ ಸಿಟಿ ಆರೋಪಗಳನ್ನು ನಿರಾಕರಿಸಿದೆ, 2009-10ರಿಂದ ಹಲವು ಸೀಸನ್‌ಗಳ ಕಾಗದಪತ್ರ ಬಿಡಿಸಬೇಕಿತ್ತು. ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗಲಾಗದು. ಹಾಗಿದ್ದೂ ಇಷ್ಟು ದಿನ ಹಿಡಿದಾಗ ಉಳಿದ ತೀರ್ಪುಗಳ ಮೇಲೂ ಜನರ ನಂಬಿಕೆ ಸವೆಯುತ್ತದೆ. ಅದರ ಹೊಣೆ ಲೀಗ್‌ನದೇ.

ನಿಯಮವೇ ಬೇಡ ಎನ್ನುವ ನಿಮ್ಮ ಗೆಳೆಯರಿಗೆ ಬರಿ (Bury) ಎಂಬ ಕ್ಲಬ್ಬಿನ ಕಥೆ ಹೇಳಿ. 125 ವರ್ಷ ಇಂಗ್ಲಿಷ್ ಫುಟ್‌ಬಾಲ್ ಲೀಗ್‌ನಲ್ಲಿದ್ದ ಆ ಕ್ಲಬ್ಬನ್ನು 2019ರ ಆಗಸ್ಟ್‌ನಲ್ಲಿ ಹೊರಹಾಕಿದರು, ಕಾರಣ ಹಣಕಾಸು. ಅಲ್ಲಿನವರಿಗೆ ಕಳೆದುಕೊಳ್ಳಲು ಅಂಕವೂ ಉಳಿಯಲಿಲ್ಲ.

ನಿಮ್ಮ ಪತ್ರದ ಕೊನೆಯ ಸಾಲಿನಲ್ಲಿ ಒಂದು ಕೋರಿಕೆ ಇತ್ತು: ನಮ್ಮ ಪಟ್ಟಿಯಲ್ಲಿ 2023-24ರ ಎವರ್ಟನ್ ಎದುರು ಬರೀ 40 ಎಂದು ಅಚ್ಚಾಗಿದೆ, ಅದು ಆಟಗಾರರಿಗೆ ಮಾಡಿದ ಅವಮಾನ ಎಂದು. ಒಪ್ಪಿದೆ. ಹತ್ತು ಅಂಕ ಹೋದ ಮರುತಿಂಗಳೇ ಆಗಿನ ತರಬೇತುದಾರ ಡೈಚ್ ಅವರ ಹುಡುಗರು ಫಾರೆಸ್ಟ್, ನ್ಯೂಕಾಸಲ್, ಚೆಲ್ಸಿ, ಬರ್ನ್ಲಿಗಳನ್ನು ಸಾಲಾಗಿ ಸೋಲಿಸಿದರು, ಒಂದು ಗೋಲನ್ನೂ ಬಿಟ್ಟುಕೊಡದೆ. ಮುಂದಿನ ಸಂಚಿಕೆಯಿಂದ ಎರಡು ಅಂಕಣ ಇರುತ್ತವೆ: ಮೈದಾನದಲ್ಲಿ ಗಳಿಸಿದ್ದು 48, ಕಡಿತ 8.