ಹೈಸ್ಕೂಲ್ ಪಾಠ ಬಿಟ್ಟು ಕಾಲೇಜು ಮಕ್ಕಳ ಬೆಂಬಲದ ಕೆಲಸಕ್ಕೆ ಬರುವುದು ಹೇಗೆ?

ಉಡುಪಿ ಕಡೆಯ ಹೈಸ್ಕೂಲಿನಲ್ಲಿ ವರ್ಷಗಟ್ಟಲೆ ಪಾಠ ಮಾಡಿದ್ದೀರಿ. ಇನ್ನು ಮುಂದೆ ದಲಿತ, ಕೊರಗ, ಮೀನುಗಾರ ಕುಟುಂಬಗಳ ಮತ್ತು ಬೀಡಿ ಕಟ್ಟುವ ಮನೆಗಳ ಮಕ್ಕಳು ಡಿಗ್ರಿ ಮುಗಿಸಲು ನೆರವಾಗಬೇಕು, ಏನು ಕಲಿಯಬೇಕು, ಎಲ್ಲಿ ಕೆಲಸ ಸಿಗುತ್ತದೆ ಎಂದು ಕೇಳಿದ್ದೀರಿ.

ಮೊದಲು ಒಂದು ಮಾತು. ತರಗತಿಯಲ್ಲಿ ಎದುರು ಕೂತವರು ನಿಮ್ಮ ವಿದ್ಯಾರ್ಥಿಗಳು. ಇಲ್ಲಿ ಬಾರದೆ ಉಳಿದವರೇ ನಿಮ್ಮ ವಿದ್ಯಾರ್ಥಿಗಳು. ಈ ಮಕ್ಕಳು ಜಗಳ ಮಾಡಿ ಕಾಲೇಜು ಬಿಡುವುದಿಲ್ಲ, ಸುಮ್ಮನೆ ಬರುವುದನ್ನು ನಿಲ್ಲಿಸುತ್ತಾರೆ. ಹಾಗಾಗಿ ಮೊದಲ ಸೆಮಿಸ್ಟರಿನಲ್ಲಿ ಪ್ರತಿ ವಾರ ಹಾಜರಿ ಪಟ್ಟಿ ನೋಡಿ. ಸತತ ಮೂರು ದಿನ ಕಾಣದವರಿಗೆ ಅದೇ ವಾರ ಫೋನ್ ಮಾಡಿ. ಮೊದಲ ಇಂಟರ್ನಲ್ ಪರೀಕ್ಷೆ ಮುಗಿಯುವವರೆಗೆ ಕಾದರೆ ತಡವಾಗುತ್ತದೆ.

ಕೆಲಸದ ಅರ್ಧ ಭಾಗ ಕಾಗದಪತ್ರ. ಇದನ್ನು ಗುಮಾಸ್ತರ ಕೆಲಸ ಎಂದು ಬದಿಗಿಡಬೇಡಿ. ರಾಜ್ಯ ಸರ್ಕಾರದ ಎಸ್‌ಎಸ್‌ಪಿ ಪೋರ್ಟಲಿನಲ್ಲಿ ವಿದ್ಯಾರ್ಥಿವೇತನದ ಅರ್ಜಿ ಹಾಕುವ ಮೊದಲೇ ಆಧಾರ್, ಎಸ್‌ಎಸ್‌ಎಲ್‌ಸಿ ಅಂಕಪಟ್ಟಿ ಮತ್ತು ಜಾತಿ ಪ್ರಮಾಣಪತ್ರ ಮೂರನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟು ಹೆಸರು ಓದಿ. ಒಂದರಲ್ಲಿ ಇನಿಷಿಯಲ್ ಇದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಅರ್ಜಿ ಅಲ್ಲೇ ಸಿಕ್ಕಿಬೀಳುತ್ತದೆ. ನಾಡಕಚೇರಿ ಕೊಡುವ ಜಾತಿ, ಆದಾಯ ಪತ್ರಗಳ ಮೇಲಿನ ಆರ್‌ಡಿ ನಂಬರಿನ ಅವಧಿಯನ್ನೂ ನೋಡಿ. ಆದಾಯ ಪತ್ರಕ್ಕೆ 5 ವರ್ಷದ ಅವಧಿ. ಹೈಸ್ಕೂಲಿನಲ್ಲಿ ಮಾಡಿಸಿದ್ದು ಡಿಗ್ರಿಯ ನಡುವೆ ಮುಗಿದಿರುತ್ತದೆ, ಮನೆಯವರಿಗೆ ಗೊತ್ತೇ ಇರುವುದಿಲ್ಲ.

ಅತಿ ಹೆಚ್ಚು ತೊಂದರೆ ಕೊಡುವುದು ಬ್ಯಾಂಕ್ ಖಾತೆ. "ಆಧಾರ್ ಲಿಂಕ್ ಆಗಿದೆ" ಎಂದು ಬ್ಯಾಂಕಿನವರು ಹೇಳಿದರೆ ಅಷ್ಟಕ್ಕೇ ಎದ್ದು ಬರಬೇಡಿ. ಹಲವು ಸಲ ಅದು ಕೆವೈಸಿಗೆ, ಅಂದರೆ ಗುರುತಿನ ದಾಖಲೆಗೆ, ಸೇರಿಸಿದ್ದು ಮಾತ್ರ. ಸರ್ಕಾರದ ಹಣ ಬರಬೇಕಾದರೆ ಎನ್‌ಪಿಸಿಐ ಮ್ಯಾಪಿಂಗ್, ಅಂದರೆ ಆಧಾರ್ ಸಂಖ್ಯೆಗೆ ಹಣ ಬರುವ ಖಾತೆಯ ಜೋಡಣೆ, ಆಗಿರಬೇಕು. ಒಂದು ಆಧಾರ್‌ಗೆ ಒಂದೇ ಖಾತೆ ಮ್ಯಾಪ್ ಆಗುವುದು, ಹಣ ಹೋಗುವುದು ಕೊನೆಯದಾಗಿ ಜೋಡಿಸಿದ ಖಾತೆಗೆ. ಶಾಲೆಯಲ್ಲಿ ತೆರೆಸಿ ವ್ಯವಹಾರವಿಲ್ಲದೆ ನಿಷ್ಕ್ರಿಯವಾದ ಖಾತೆಗೇ ಅದು ಜೋಡಣೆಯಾಗಿದ್ದರೆ ಮಂಜೂರಾದ ಹಣವೂ ವಾಪಸ್ ಹೋಗುತ್ತದೆ. ಆಧಾರ್ ಕೊಡುವ ಯುಐಡಿಎಐ ತಾಣದಲ್ಲಿ ಈ ಜೋಡಣೆಯ (ಬ್ಯಾಂಕ್ ಸೀಡಿಂಗ್) ಸ್ಥಿತಿ ತೋರಿಸುತ್ತದೆ, ಓಟಿಪಿ ಬರಲು ಆಧಾರ್‌ಗೆ ಕೊಟ್ಟ ಮೊಬೈಲ್ ಚಾಲ್ತಿಯಲ್ಲಿರಬೇಕು. ಅರ್ಜಿಗೆ ಮೊದಲೇ ಇದನ್ನು ನೋಡಿಬಿಡಿ.

ಬೀಡಿ ಕಾರ್ಮಿಕರ ಮಕ್ಕಳಿಗೆ ಕೇಂದ್ರ ಕಾರ್ಮಿಕ ಸಚಿವಾಲಯದ ವಿದ್ಯಾರ್ಥಿವೇತನ ಯೋಜನೆ ಕೇಂದ್ರದ ಎನ್‌ಎಸ್‌ಪಿ ಪೋರ್ಟಲಿನಲ್ಲಿದೆ, ತಾಯಿಯ ಬೀಡಿ ಗುರುತಿನ ಚೀಟಿಯನ್ನು ಈಗಲೇ ಹುಡುಕಿಸಿ. ಹಾಸ್ಟೆಲ್ ಸೀಟು ಸಿಗದ ಹಿಂದುಳಿದ ವರ್ಗದವರಿಗೆ ಊಟ-ವಸತಿಗೆ ನೆರವು ಕೊಡುವ ವಿದ್ಯಾಸಿರಿ ಯೋಜನೆ ಇದೆ. ಕೊರಗ ವಿದ್ಯಾರ್ಥಿಗಳ ವಿಷಯಕ್ಕೆ ಸಮಗ್ರ ಗಿರಿಜನ ಅಭಿವೃದ್ಧಿ ಯೋಜನೆಯ ಕಚೇರಿಯವರ ಪರಿಚಯ ಮಾಡಿಕೊಳ್ಳಿ. ಉಡುಪಿಯವರಿಗೆ ಅದು ಮಣಿಪಾಲದ ಜಿಲ್ಲಾ ಕಚೇರಿ ಸಂಕೀರ್ಣ ರಜತಾದ್ರಿಯಲ್ಲಿದೆ.

ಊರಿನ ಕ್ಯಾಲೆಂಡರ್ ಗೊತ್ತಿಲ್ಲದೆ ಈ ಕೆಲಸ ಆಗದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆ ಬಂದ್. ಮಲ್ಪೆ, ಗಂಗೊಳ್ಳಿ ಬಂದರುಗಳ ಮೀನುಗಾರರ ಮನೆಗಳಲ್ಲಿ ದುಡ್ಡೇ ಇಲ್ಲದ ಆ ಹೊತ್ತಿಗೇ ಕಾಲೇಜು ಶುಲ್ಕ ಕೇಳುತ್ತದೆ. ಕಂತಿನಲ್ಲಿ ಕಟ್ಟಲು ಪ್ರಾಂಶುಪಾಲರ ಒಪ್ಪಿಗೆ ಬೇಕಾದರೆ ಮೇ ತಿಂಗಳಲ್ಲೇ ಮಾತಾಡಿ. ಆಗಸ್ಟಿನಲ್ಲಿ ದೋಣಿ ಇಳಿದ ಮೇಲೆ ಇನ್ನೊಂದು ತೊಂದರೆ: ನಸುಕಿನಲ್ಲಿ ಮೀನು ಇಳಿಸುವ ದಕ್ಕೆಗೆ ಕೆಲಸಕ್ಕೆ ಹೋಗುವ ಹುಡುಗನಿಗೆ ಮೊದಲ ಪೀರಿಯಡ್ ತಪ್ಪುತ್ತದೆ. ವಾರದಲ್ಲಿ ನಾಲ್ಕು ದಿನ ಮೊದಲ ಪೀರಿಯಡ್ ಒಂದೇ ವಿಷಯದ್ದಾದರೆ, ಒಟ್ಟು ಹಾಜರಿ ಚೆನ್ನಾಗಿದ್ದರೂ ಆ ಒಂದು ವಿಷಯದಲ್ಲಿ ಪರೀಕ್ಷೆಗೆ ಕೂರಲು ಬೇಕಾದ 75 ಶೇಕಡಾ ಹಾಜರಿ ಆಗುವುದಿಲ್ಲ. ಅವನಿಗೆ ಸಮಯಪಾಲನೆಯ ಉಪದೇಶ ಬೇಡ. ಸೆಕ್ಷನ್ ಬದಲಾಗಬೇಕು, ಅದನ್ನು ಕಾಲೇಜಿನ ಜೊತೆ ಮಾತಾಡಿ ಮಾಡಿಸುವುದು ನೀವು. ಬಸ್ಸೂ ಹಾಗೆಯೇ. ಶಕ್ತಿ ಯೋಜನೆಯಲ್ಲಿ ಹೆಣ್ಣುಮಕ್ಕಳಿಗೆ ಉಚಿತ ಪ್ರಯಾಣ ಸರ್ಕಾರಿ ಬಸ್ಸಿನಲ್ಲಿ ಮಾತ್ರ, ನಮ್ಮ ಎಷ್ಟೋ ರೂಟುಗಳಲ್ಲಿ ಓಡುವುದು ಖಾಸಗಿ ಬಸ್. ದಿನದ ಟಿಕೆಟ್ ಖರ್ಚು ಕೇಳಿ ಲೆಕ್ಕ ಹಾಕದೆ "ಯಾಕೆ ಬರುವುದಿಲ್ಲ" ಎಂದು ಕೇಳಬೇಡಿ.

ಕನ್ನಡ ಮಾಧ್ಯಮದಿಂದ ಬಂದವರಿಗೆ ಬಿಕಾಂ ಪಠ್ಯದ ಇಂಗ್ಲಿಷ್ ಹೆದರಿಸುತ್ತದೆ. ಸ್ಪೋಕನ್ ಇಂಗ್ಲಿಷ್ ಕ್ಲಾಸಿನಿಂದ ಇದು ಸರಿಹೋಗದು. ಪ್ರತಿ ವಿಷಯದಿಂದ 40-50 ಪಾರಿಭಾಷಿಕ ಪದ ಆರಿಸಿ, ಹಳೆ ಪ್ರಶ್ನೆಪತ್ರಿಕೆ ಇಟ್ಟುಕೊಂಡು ಉತ್ತರ ಬರೆಸಿ. ನಿಮ್ಮ ಮೇಷ್ಟ್ರುತನ ಪೂರ್ತಿ ಉಪಯೋಗಕ್ಕೆ ಬರುವುದು ಇಲ್ಲಿಯೇ.

ಒಂದು ವಿಷಯದಲ್ಲಿ ನಾನು ರಾಜಿ ಒಪ್ಪುವುದಿಲ್ಲ. "ಎಸ್‌ಸಿ-ಎಸ್‌ಟಿ ಸ್ಕಾಲರ್‌ಶಿಪ್‌ನವರು ಎದ್ದು ನಿಲ್ಲಿ" ಎಂದು ತರಗತಿಯಲ್ಲಿ ಕರೆಯಬಾರದು, ಜಾತಿವಾರು ಪಟ್ಟಿಯನ್ನು ನೋಟಿಸ್ ಬೋರ್ಡಿಗೆ ಹಚ್ಚಬಾರದು. ಕೊರಗರನ್ನು ಹೀನಾಯವಾಗಿ ನಡೆಸಿಕೊಳ್ಳುವ ಅಜಲು ಪದ್ಧತಿಯನ್ನು ಕಾನೂನು ಮಾಡಿ ನಿಷೇಧಿಸಿದ್ದು 2000ದಲ್ಲಿ. ಅವಮಾನದ ನೆನಪು ಆ ಮನೆಗಳಲ್ಲಿ ಹಳೆಯದಾಗಿಲ್ಲ. ಒಬ್ಬೊಬ್ಬರಿಗೇ ಮೆಸೇಜ್ ಕಳಿಸಿ. ಭೇದಭಾವದ ದೂರು ಬಂದರೆ ಕಾಲೇಜಿನ ಸಮಾನ ಅವಕಾಶ ಕೋಶಕ್ಕೆ ಲಿಖಿತವಾಗಿ ಕೊಡಿಸಿ, ಸ್ವೀಕೃತಿ ಪಡೆಯಿರಿ. ಮನಸ್ಸು ತೀರಾ ಕುಗ್ಗಿದವರಿಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416 ಉಚಿತ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ಉದ್ಯೋಗ. ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳಲ್ಲಿ ಈ ಕೆಲಸ ಸಾಮಾನ್ಯವಾಗಿ ಉಪನ್ಯಾಸಕರ ಹೆಚ್ಚುವರಿ ಹೊಣೆ. ಸಂಬಳದ ಹುದ್ದೆ ಹುಡುಕುವುದಾದರೆ ಖಾಸಗಿ ಮತ್ತು ಡೀಮ್ಡ್ ವಿಶ್ವವಿದ್ಯಾಲಯಗಳ ವಿದ್ಯಾರ್ಥಿ ಕ್ಷೇಮ ವಿಭಾಗ, ಸ್ವಯಂಸೇವಾ ಸಂಸ್ಥೆಗಳು, ಇಲಾಖೆಯ ಹಾಸ್ಟೆಲುಗಳ ನಿಲಯಪಾಲಕ ಹುದ್ದೆಗಳ ಕಡೆ ನೋಡಿ. ಬಿಎಡ್ ಜೊತೆಗೆ ಎಂಎಸ್‌ಡಬ್ಲ್ಯೂ (ಸಮಾಜಕಾರ್ಯದ ಸ್ನಾತಕೋತ್ತರ ಪದವಿ) ಇದ್ದರೆ ಅನುಕೂಲ. ಮಂಗಳೂರಿನ ರೋಶನಿ ನಿಲಯ ಕಾಲೇಜಿನಲ್ಲಿ ಆ ಕೋರ್ಸ್ ಇದೆ. ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಮುಂದಿನ ಪ್ರವೇಶದ ಹೊತ್ತಿಗೆ ಹತ್ತಿರದ ಒಂದು ಮೆಟ್ರಿಕ್ ನಂತರದ ಹಾಸ್ಟೆಲಿನ ನಿಲಯಪಾಲಕರನ್ನು ಭೇಟಿಯಾಗಿ, ಅನುಮತಿ ಪಡೆದು, ಒಂದು ಸೆಮಿಸ್ಟರ್ ಪೂರ್ತಿ ಶನಿವಾರ ಮಧ್ಯಾಹ್ನಗಳಲ್ಲಿ ಮೊದಲ ವರ್ಷದವರ ಅರ್ಜಿ ಮತ್ತು ಹಾಜರಿ ನೋಡಿಕೊಳ್ಳಿ. ಸಂದರ್ಶನದಲ್ಲಿ ಕೇಳುವ ಬಹುತೇಕ ಪ್ರಶ್ನೆಗಳಿಗೆ ಉತ್ತರ ಅಲ್ಲೇ ಸಿಗುತ್ತದೆ.