ಹರ್ನಿಯಾ ಆಪರೇಷನ್ ನಂತರ ತೊಗರಿ ಚೀಲ ಯಾವಾಗ ಎತ್ತಬಹುದು?

ಕಲಬುರಗಿ ಎಪಿಎಂಸಿಯಲ್ಲಿ ಹಮಾಲಿ ಮಾಡುವ ಅಣ್ಣನ ತೊಡೆಸಂದಿನ ಹರ್ನಿಯಾಕ್ಕೆ (ಹೊಟ್ಟೆಯ ಗೋಡೆ ಸಡಿಲಾಗಿ ಒಳಗಿನದು ಉಬ್ಬಿ ಬರುವುದು) ತೆರೆದ ಶಸ್ತ್ರಚಿಕಿತ್ಸೆಯೋ, ಸಣ್ಣ ರಂಧ್ರಗಳಿಂದ ಕ್ಯಾಮೆರಾ ಬಿಟ್ಟು ಮಾಡುವ ಲ್ಯಾಪ್ರೊಸ್ಕೋಪಿಯೋ ಎಂದು ಕೇಳಿದ್ದೀರಿ. ಎರಡರಲ್ಲೂ ಸಾಮಾನ್ಯವಾಗಿ ಸಡಿಲಾದ ಜಾಗಕ್ಕೆ ಆಸರೆಯಾಗಿ ಜಾಲರಿ ಹಾಕುತ್ತಾರೆ. ಲ್ಯಾಪ್ರೊಸ್ಕೋಪಿಯಲ್ಲಿ ಆರಂಭದ ನೋವು ಕಡಿಮೆ, ಚೇತರಿಕೆ ಬೇಗ. ಆದರೆ ಸಾಮಾನ್ಯವಾಗಿ ಪೂರ್ಣ ಅರಿವಳಿಕೆ ಬೇಕು. ತೆರೆದದ್ದನ್ನು ಆ ಭಾಗವನ್ನಷ್ಟೇ ಮರಗಟ್ಟಿಸಿಯೂ ಮಾಡಬಹುದು.

ನನಗೆ ತೆರೆದದ್ದೇ ಆಯಿತು. ಕೆಮ್ಮು ಬಂದಾಗಲೆಲ್ಲ ಹೊಲಿಗೆಯ ಮೇಲೆ ದಿಂಬು ಒತ್ತಿ ಹಿಡಿಯುತ್ತಿದ್ದೆ. ಮೂರನೆಯ ದಿನ ವೃಷಣಚೀಲ ಬದನೆಕಾಯಿಯಂತೆ ಕಪ್ಪಿಟ್ಟಿತು, ಎದೆ ಧಸಕ್ಕೆಂದಿತು. ಒಳಗೆ ಇಳಿದ ರಕ್ತವಂತೆ, ತಾನೇ ಕರಗಿತು. ಶೌಚಕ್ಕೆ ತಿಣುಕಿದರೆ ನೋವು ಹೆಚ್ಚು, ಆದ್ದರಿಂದ ಮಲಬದ್ಧತೆ ಆಗಗೊಡಬೇಡಿ.

ನಡೆದಾಟ ಅದೇ ದಿನದಿಂದ. ತೊಗರಿ ಚೀಲ ಎತ್ತುವುದು ಮಾತ್ರ 4ರಿಂದ 6 ವಾರ ಬೇಡ, ಆಮೇಲೂ ಸರ್ಜನ್ ಒಪ್ಪಿದರಷ್ಟೇ. 3 ತಿಂಗಳ ನಂತರವೂ ಉರಿ ಉಳಿದರೆ ನರದ ತೊಂದರೆ ಇರಬಹುದು, ತೋರಿಸಿ. ಜ್ವರ, ಕೀವು ಕಂಡರೆ, ಮೂತ್ರ ಕಟ್ಟಿದರೆ ಅಂದೇ ಹೋಗಿ.